ಸುಮುಖನ ತಲೆಯ ಮೇಲಿಂದ

ಸುಳ್ಳು ಹೇಳಿದವನು ಕೋಚ್ ಡೊನೆಲಿ. ಅದಕ್ಕೆ ಹೂಂಗುಟ್ಟಿದವನು ಸುಮುಖ್. ಇಬ್ಬರಲ್ಲಿ ಯಾರ ಮೇಲೆ ಹಗೆ ಹೆಚ್ಚು ಎಂದು ಕೇಳಿದ್ದರೆ ರೇವಣಸಿದ್ದಪ್ಪ ಯೋಚಿಸದೆ ಸುಮುಖನ ಹೆಸರು ಹೇಳುತ್ತಿದ್ದ. ಕೋಚ್ ಎಷ್ಟೆಂದರೂ ಹೊರಗಿನವನು. ಸುಮುಖ್ ಹಾಗಲ್ಲ, ರೇವಣನ ಮನೆಯ ಬೇಸ್‌ಮೆಂಟಿನಲ್ಲಿ ಕೂತು ಅವನ ಅವ್ವ ಶಾರದವ್ವನ ಕೈಯ ರೊಟ್ಟಿ, ಶೇಂಗಾ ಚಟ್ನಿ ತಿಂದು ಬೆಳೆದವನು.

ರೇವಣನ ಅಪ್ಪ ಬಸವಂತಪ್ಪ ಹುಬ್ಬಳ್ಳಿ ಕಡೆಯವನು. ಸಮುದ್ರ ದಾಟಿ ಈ ಚಳಿ ದೇಶಕ್ಕೆ ಬಂದು, ವಾನ್ ಎಂಬ ಊರಿನ ಒಂದು ವೇರ್‌ಹೌಸಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಸುಮುಖನ ಅಪ್ಪ ಉಮಾಶಂಕರ ಮೈಸೂರಿನವರು, ಸಾಫ್ಟ್‌ವೇರಿನಲ್ಲಿದ್ದರು, ಪಕ್ಕದ ಥಾರ್ನ್‌ಹಿಲ್‌ನಲ್ಲಿ ಸ್ವಂತ ಮನೆ. ಕನ್ನಡ ಸಂಘದ ಊಟದ ಸಾಲಿನಲ್ಲಿ ಆದ ಪರಿಚಯ. ಹುಡುಗರಿಬ್ಬರದೂ ವಾನ್‌ನ ಒಂದೇ ಶಾಲೆ, ಒಂದೇ ವಯಸ್ಸು. ಸುಮುಖ್ ಇಲ್ಲೇ ಹುಟ್ಟಿದವನು. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ರೇವಣ ಎರಡನೆಯ ಇಯತ್ತೆ ಮುಗಿಸಿ ಬಂದವನು. ಅವನ ನಾಲಿಗೆಯಲ್ಲಿ ಹುಬ್ಬಳ್ಳಿ ಇನ್ನೂ ಆರಿರಲಿಲ್ಲ.

ಅವರಿಬ್ಬರೂ ಆಡುತ್ತಿದ್ದುದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ತಲೆಗೆ ಹೆಲ್ಮೆಟ್ಟು, ಹೆಗಲಿಗೆ ಪ್ಯಾಡು ಕಟ್ಟಿಕೊಂಡು, ತೆಂಗಿನಕಾಯಿಯಂಥ ಚೆಂಡನ್ನು ಎದೆಗವಚಿ ಓಡುವ, ಎಸೆಯುವ, ಒಬ್ಬರನ್ನೊಬ್ಬರು ಕೆಡವುವ ಆಟ. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಎಂದರೆ ಮೇಳದ ಭಾಗವತನಿದ್ದ ಹಾಗೆ. ಪ್ರತಿ ಸಲವೂ ಚೆಂಡು ಮೊದಲು ಬರುವುದು ಅವನ ಕೈಗೆ. ಪಕ್ಕದಲ್ಲಿ ಓಡುವವನ ಕೈಗಿಡಬೇಕೋ, ದೂರಕ್ಕೆ ಓಡಿದವನಿಗೆ ಎಸೆಯಬೇಕೋ, ಅವನದೇ ಕೆಲಸ. ಯಾವ ಆಟ ಆಡಬೇಕೆಂಬುದನ್ನು ಕೋಚ್ ಹೊರಗಿನಿಂದ ಹೇಳಿ ಕಳಿಸುತ್ತಾನೆ. ರೇವಣ ಶಾಲೆಯ ತಂಡದ ಎರಡನೆಯ ಕ್ವಾರ್ಟರ್‌ಬ್ಯಾಕ್. ಕ್ರಿಕೆಟ್ಟಿನಲ್ಲಿ ಬೌಂಡರಿಯಿಂದ ಎಸೆದು ಎಸೆದು ಪಳಗಿದ ತೋಳು ಅವನದು. ಬಲವಿತ್ತು, ಹದವಿರಲಿಲ್ಲ.

೧೯೯೮ರ ಸೆಮಿಫೈನಲ್. ಮೊದಲನೆಯ ಕ್ವಾರ್ಟರ್‌ಬ್ಯಾಕಿನ ಪಾದ ಉಳುಕಿ ರೇವಣ ಒಳಗೆ ಹೋದ. ಆಟ ಮುಗಿಯಲು ಒಂದು ನಿಮಿಷವಿರಬಹುದು, ಅವರೇ ಮುಂದಿದ್ದರು. ಓಡುವವನ ಕೈಗೆ ಚೆಂಡು ಕೊಟ್ಟು ಕಾಲ ತಳ್ಳಿದ್ದರೆ ಗೆದ್ದಂತೆಯೇ. ಕೋಚ್ ಡೊನೆಲಿ ಸುಮುಖನ ಕಿವಿಯಲ್ಲಿ ಆಟ ಹೇಳಿ ಕಳಿಸಿದ. ಸುಮುಖ್ ಓಡಿ ಬಂದು, "ಪಾಸ್. ಲೆಫ್ಟ್ ಸೈಡ್," ಅಂದ.

"ಪಾಸಾ? ಖರೇನ?" ಅಂದ ರೇವಣ.

"ಕೋಚ್ ಹೇಳಿದ್ದು, ಮ್ಯಾನ್. ಜಸ್ಟ್ ಥ್ರೋ."

ರೇವಣ ಎಸೆದ. ಎದುರಾಳಿಯೊಬ್ಬ ನಡುವೆ ಹಾರಿ ಚೆಂಡು ಕಸಿದು, ಮೈದಾನದ ಇನ್ನೊಂದು ತುದಿಯವರೆಗೂ ಓಡಿಬಿಟ್ಟ. ಸೋತರು.

ಡ್ರೆಸ್ಸಿಂಗ್ ರೂಮಿನಲ್ಲಿ ಎಲ್ಲರ ಮುಂದೆ ಡೊನೆಲಿ ನಿಧಾನವಾಗಿ ಹೇಳಿದ: "ನಾನು ಹೇಳಿ ಕಳಿಸಿದ್ದು ಓಟ. ಈ ಮಹಾಶಯನಿಗೆ ಹೀರೋ ಆಗಬೇಕಿತ್ತು." ಆಮೇಲೆ ಸುಮುಖನ ಕಡೆ ತಿರುಗಿದ. "ನಿನ್ನ ಹತ್ತಿರ ಏನು ಹೇಳಿ ಕಳಿಸಿದ್ದೆ?"

ಸುಮುಖ್ ತನ್ನ ಬೂಟಿನ ಲೇಸ್ ನೋಡಿಕೊಂಡ. "ರನ್, ಕೋಚ್," ಅಂದ.

ಅಷ್ಟೇ. ರೇವಣ ಬಾಯಿ ತೆಗೆದ, ಯಾರೋ ಅವನ ಮುಖಕ್ಕೆ ಒದ್ದೆ ಟವೆಲ್ ಎಸೆದರು. ಚಳಿಗಾಲವೆಲ್ಲ ಶಾಲೆಯ ಮೊಗಸಾಲೆಯಲ್ಲಿ ಅವನು ಹಾದುಹೋದರೆ ಹುಡುಗರು ಪೆನ್ನನ್ನೋ ಸೇಬನ್ನೋ ಬೇರೆಯವರಿಗೆ ಎಸೆದು, "ಅಯ್ಯೋ, ಅವರ ಕೈಗೆ ಹೋಯ್ತು," ಎಂದು ನಗುತ್ತಿದ್ದರು. ಸುಮುಖ್ ಆ ಗುಂಪಿನಲ್ಲಿ ನಗುತ್ತಿರಲಿಲ್ಲ, ನಿಜ. ಇನ್ನೊಂದು ಕಡೆ ನೋಡುತ್ತಿದ್ದ. ಮುಂದಿನ ವರ್ಷದ ತಂಡದಲ್ಲಿ ಅವನಿಗೆ ಖಾಯಂ ಜಾಗ ಸಿಕ್ಕಿತೆಂದು ಗೊತ್ತಾದ ದಿನ ರೇವಣ ಮನೆಗೆ ಬಂದು ಅನ್ನ ಬಿಟ್ಟು ಮಲಗಿದ. ಅವನು ಲೆಕ್ಕ ಹಾಕಿದ್ದು ಸರಳವಾಗಿತ್ತು: ನನ್ನನ್ನು ಮಾರಿ ಅವನು ಜಾಗ ಕೊಂಡ.

ಆ ಬೇಸಿಗೆಯಲ್ಲಿ ಶಾರದವ್ವನಿಗೆ ನ್ಯೂಮಾರ್ಕೆಟ್‌ನ ಆಸ್ಪತ್ರೆಯ ಅಡುಗೆಮನೆಯಲ್ಲಿ ಖಾಯಂ ಕೆಲಸವಾಯಿತು. ಸಂಸಾರ ಉತ್ತರಕ್ಕೆ ಸರಿಯಿತು. ಬಸವಂತಪ್ಪ ದಿನಾ ಶಿಫ್ಟಿಗೆ ವಾನ್‌ವರೆಗೆ ಕಾರು ಓಡಿಸಬೇಕಾಯಿತು, ಗೊಣಗಿದ. ರೇವಣ ಮಾತ್ರ ಒಳಗೊಳಗೇ ಕುಣಿದ. ನ್ಯೂಮಾರ್ಕೆಟ್ ಶಾಲೆಯೂ ಅದೇ ಲೀಗಿನಲ್ಲಿ ಆಡುತ್ತಿತ್ತು. ಒಂದಲ್ಲ ಒಂದು ದಿನ ವಾನ್ ಎದುರಾಗಲೇಬೇಕು.

ಹೊಸ ಶಾಲೆಯ ಕೋಚ್ ಮಿಸ್ಟರ್ ಗಿಟ್ಟೆನ್ಸ್ ಭೂಗೋಳದ ಮೇಷ್ಟ್ರು, ಬಾರ್ಬಡೋಸ್‌ನಲ್ಲಿ ಹುಟ್ಟಿದವರು. ತಲೆ ಪೂರ್ತಿ ನರೆತಿತ್ತು. ಮೊದಲ ದಿನ ರೇವಣ ಎಸೆದ ಚೆಂಡು ಸಿಳ್ಳೆ ಹೊಡೆದುಕೊಂಡು ಹೋದದ್ದನ್ನು ನೋಡಿ ಅವರು ನಕ್ಕರು.

"ಡೀಪ್ ಮಿಡ್‌ವಿಕೆಟ್‌ನಿಂದ ಎಸೆದೆಯಲ್ಲಪ್ಪ. ವಿಕೆಟ್ ಕೀಪರ್ ಎಲ್ಲಿ?"

ರೇವಣನ ಮುಖ ಕೆಂಪಾಯಿತು.

"ತೋಳು ಚೆನ್ನಾಗಿದೆ," ಅಂದರು ಗಿಟ್ಟೆನ್ಸ್. "ಆದರೆ ನೀನು ಕೈಯನ್ನು ಸೊಂಟದವರೆಗೆ ಇಳಿಸಿ, ಹಿಂದಕ್ಕೆ ಚಾಚಿ, ಆಮೇಲೆ ಎಸೆಯುತ್ತೀಯ. ಅಷ್ಟರಲ್ಲಿ ಎದುರಿನವನು ನಿನ್ನ ಪಕ್ಕೆಲುಬು ಮುರಿದಿರುತ್ತಾನೆ. ಚೆಂಡು ಕಿವಿಯ ಪಕ್ಕದಲ್ಲಿರಲಿ. ಅಲ್ಲಿಂದಲೇ ಹೊರಡಲಿ."

ಬೇಸಿಗೆಯಿಡೀ ಅದೇ ಆಯಿತು. ಬಾಡಿಗೆ ಮನೆಯ ಹಿಂದಿನ ಪಾರ್ಕಿನಲ್ಲಿ ರೇವಣ ಎಸೆದ, ತಂಗಿ ದೀಪಶ್ರೀ ಹಿಡಿದಳು. ಅವನಿಗಿಂತ ಎರಡು ವರ್ಷ ಚಿಕ್ಕವಳು, ಅವನಿಗಿಂತ ಜೋರಾಗಿ ಓಡುವವಳು, ಮಾತಿನಲ್ಲಿ ಯಾರಿಗೂ ಸೋಲದವಳು. ತೋಳಿನ ಚಾಳಿ ಬಿಡಿಸುವುದು ಬೇರೂರಿದ ಕಳೆ ಕೀಳುವ ಹಾಗೆ. ಕಿತ್ತೆ ಅಂದುಕೊಂಡರೆ ಮತ್ತೆ ಚಿಗುರುತ್ತಿತ್ತು. ತೋಳು ದಾರಿಗೆ ಬಂದ ಮೇಲೆ ಕಾಲು. ಎಸೆತ ಶುರುವಾಗುವುದು ಪಾದದಿಂದ, ಎಡಗಾಲು ತೋರಿಸಿದ ಕಡೆಗೇ ಚೆಂಡು ಹೋಗುವುದು ಎಂದು ಗಿಟ್ಟೆನ್ಸ್ ಅವನನ್ನು ಚೆಂಡೇ ಇಲ್ಲದೆ ಹಿಂದೆ ಮುಂದೆ ನಡೆಸಿದರು. ಅದಾದ ಮೇಲೆ ಎಲ್ಲಕ್ಕಿಂತ ಕಷ್ಟದ ಪಾಠ: ಮನುಷ್ಯನಿಗೆ ಎಸೆಯಬಾರದು, ಅವನು ಇನ್ನೂ ತಲುಪಿರದ ಜಾಗಕ್ಕೆ ಎಸೆಯಬೇಕು. ಬರೀ ಹುಲ್ಲಿರುವ ಕಡೆ ನಂಬಿ ಚೆಂಡು ಬಿಡುವುದು ರೇವಣನಿಗೆ ಮೊದಮೊದಲು ಹುಚ್ಚುತನ ಅನ್ನಿಸಿತು. ಯಾರನ್ನೂ ನಂಬುವ ಕಾಲವಲ್ಲ ಅದು ಅವನಿಗೆ.

ಎಸೆಯುವಾಗೆಲ್ಲ ಅವನ ಕಣ್ಣ ಮುಂದೆ ಒಂದೇ ಚಿತ್ರ: ಲೇಸ್ ನೋಡುತ್ತ ಕೂತ ಸುಮುಖ್. ಚೆಂಡು ಆ ಮುಖಕ್ಕೇ ಹೊಡೆಯಬೇಕೆಂಬಂತೆ ಹೋಗುತ್ತಿತ್ತು. ಒಂದು ಸಂಜೆ ದೀಪಶ್ರೀಯ ಬೆರಳು ಬಾತುಕೊಂಡಿತು. ಅವಳು ಚೆಂಡನ್ನು ನೆಲಕ್ಕೆ ಕುಕ್ಕಿದಳು.

"ಏಯ್, ನೀ ಯಾರಿಗೆ ಒಗಿಯಾಕತ್ತಿ? ನನಗೋ, ಅವನಿಗೋ? ಐ ಆ್ಯಮ್ ನಾಟ್ ಸುಮುಖ್, ಓಕೆ?"

ಮರುದಿನ ಬೆರಳಿಗೆ ಟೇಪು ಸುತ್ತಿಕೊಂಡ ತಂಗಿಯನ್ನು ರೇವಣನೇ ಕರೆದುಕೊಂಡು ಗಿಟ್ಟೆನ್ಸ್ ಬಳಿ ಹೋಗಿ, ಮೆಲ್ಲಗೆ ಎಸೆಯುವುದು ಹೇಗೆಂದು ಕೇಳಿದ. ಅವರು ಅವನಿಗೆ ಗೋಲಿನ ಅಡ್ಡಪಟ್ಟಿಯ ಮೇಲಿಂದ, ಆಚೆ ಇಟ್ಟ ಕಸದ ಡಬ್ಬಿಯೊಳಕ್ಕೆ ಚೆಂಡು ಬೀಳಿಸಲು ಹಚ್ಚಿದರು. ಗುಂಡಿನಂತೆ ಹೊಡೆದರೆ ಪಟ್ಟಿಗೆ ಬಡಿಯುತ್ತಿತ್ತು. ಮೇಲಕ್ಕೆ ತೇಲಿಸಿ, ದಣಿದ ಹಕ್ಕಿಯಂತೆ ಇಳಿಸಬೇಕಿತ್ತು. ಶಾಲೆ ತೆರೆಯುವ ಹೊತ್ತಿಗೆ ಇಳಿಯಿತು.

ಇನ್ನೊಂದು ಚಾಳಿ ಉಳಿದಿತ್ತು. ಎಸೆಯುವ ಮುಂಚೆ ರೇವಣ ಎಡ ಅಂಗೈಯಿಂದ ಚೆಂಡನ್ನೊಮ್ಮೆ ತಟ್ಟುತ್ತಿದ್ದ. ಅದನ್ನು ನೋಡಿದ ಎದುರಾಳಿಗೆ, ಇಗೋ ಚೆಂಡು ಬಂತು ಎಂದು ಮೊದಲೇ ತಿಳಿಯುತ್ತದೆ. ವಾನ್ ಹುಡುಗರಿಗೆಲ್ಲ ಅದು ಗೊತ್ತಿತ್ತು. ಸ್ನೇಹವಿದ್ದ ದಿನಗಳಲ್ಲಿ ಸುಮುಖ್ ಅದನ್ನು ನಕಲು ಮಾಡಿ ನಗಿಸುತ್ತಿದ್ದ. ಗಿಟ್ಟೆನ್ಸ್ ಬಿಡು ಅಂದರು. ಒಂದು ವಾರದಲ್ಲಿ ಬಿಟ್ಟ. ಆದರೆ ಪೂರ್ತಿ ಎಸೆದುಬಿಡಲಿಲ್ಲ. ಹಳೆ ಚೂರಿಯ ಹಾಗೆ ಒರೆಸಿ ಒಳಗಿಟ್ಟುಕೊಂಡ.

೧೯೯೯ರ ನವೆಂಬರಿನಲ್ಲಿ ನ್ಯೂಮಾರ್ಕೆಟ್ ತಂಡ ಸೆಮಿಫೈನಲ್ ಆಡಲು ವಾನ್‌ಗೆ ಬಂತು. ಮಧ್ಯಾಹ್ನದ ಬಿಸಿಲಿದ್ದರೂ ಗಾಳಿಗೆ ಕಿವಿ ಕಿತ್ತುಬರುತ್ತಿತ್ತು. ಕಬ್ಬಿಣದ ಮೆಟ್ಟಿಲುಗಳ ಮೇಲೆ ಒಂದು ತುದಿಗೆ ಉಮಾಶಂಕರ, ಅವರ ಹೆಂಡತಿ ಪದ್ಮಾ ಕಂಬಳಿ ಹೊದ್ದು ಕೂತಿದ್ದರು. ಇನ್ನೊಂದು ತುದಿಗೆ ರಜೆ ಹಾಕಿ ಬಂದ ಬಸವಂತಪ್ಪ, ಪಕ್ಕದಲ್ಲಿ ದೀಪಶ್ರೀ. ನಮಸ್ಕಾರ ಮಾತ್ರ ಆಯಿತು.

ಸುಮುಖ್ ಈಗ ಕಾಯುವವನು. ಮೈದಾನದ ಎಡಗಡೆಗೆ ಬರುವ ಪಾಸನ್ನು ತಡೆಯುವುದು ಅವನ ಕೆಲಸ. ರೇವಣ ಅವನ ಮುಖ ಹುಡುಕಿದ. ಹೆಲ್ಮೆಟ್ಟಿನ ಸರಳುಗಳ ಹಿಂದೆ ಕಣ್ಣು ಕಂಡವು. ಈ ಸಲ ಸುಮುಖ್ ಬೇರೆ ಕಡೆ ನೋಡಲಿಲ್ಲ. ಒಂದು ಸಲ ತಲೆಯಾಡಿಸಿದ, ಹಲೋ ಎನ್ನುವಂತೆ. ರೇವಣ ಆಡಿಸಲಿಲ್ಲ.

ಮೊದಲರ್ಧವೆಲ್ಲ ರೇವಣ ಹಳೆಯ ರೇವಣನಾಗಿಯೇ ಆಡಿದ. ಎಡಕ್ಕೆ ನೋಡಿದ, ಚೆಂಡು ತಟ್ಟಿದ, ಎಡಕ್ಕೇ ಚಿಕ್ಕ ಪಾಸು ಎಸೆದ. ಮತ್ತೆ ತಟ್ಟಿದ, ಎಸೆದ. ಸುಮುಖನಿಗೆ ಧೈರ್ಯ ಬಂತು. ತಟ್ಟಿದ ಸದ್ದಿಗೇ ಮುಂದಕ್ಕೆ ನುಗ್ಗತೊಡಗಿದ. ಒಂದು ಚೆಂಡನ್ನು ಕೈಯಿಂದ ಹೊಡೆದು ಬೀಳಿಸಿದ, ಇನ್ನೊಂದು ಅವನ ಅಂಗೈಗೆ ಬಂದು ಜಾರಿತು. ವಾನ್‌ನವರು ಕುಣಿದರು. "ಅದೇ ಹಳೆ ಹುಡುಗ," ಎಂದು ಡೊನೆಲಿ ಕೂಗಿದ್ದು ಮೈದಾನದ ನಡುವಿಗೂ ಕೇಳಿಸಿತು. ಗಿಟ್ಟೆನ್ಸ್ ಬಿಡುವಿನಲ್ಲಿ ರೇವಣನನ್ನು ದುರುಗುಟ್ಟಿ ನೋಡಿದರು. "ಆ ತಟ್ಟುವುದನ್ನು ಬಿಟ್ಟಿದ್ದೀಯ ಅಂದುಕೊಂಡಿದ್ದೆ."

"ಬಿಟ್ಟಿದೀನಿ ಸರ್," ಅಂದ ರೇವಣ.

ದ್ವಿತೀಯಾರ್ಧ ಶುರುವಾದ ಸ್ವಲ್ಪ ಹೊತ್ತಿಗೆ ಅವನು ಎಡಕ್ಕೆ ನೋಡಿದ, ಚೆಂಡು ತಟ್ಟಿದ. ಸುಮುಖ್ ನುಗ್ಗಿದ. ರೇವಣನ ಕೈಯಿಂದ ಚೆಂಡು ಹೊರಡಲಿಲ್ಲ. ಒಂದು ಉಸಿರು ತಡೆದು, ಕಿವಿಯ ಪಕ್ಕದಿಂದ ಮೇಲಕ್ಕೆ ತೇಲಿಸಿದ. ಚೆಂಡು ಸುಮುಖನ ತಲೆಯ ಮೇಲಿಂದ ಹಾದು, ಅವನ ಹಿಂದೆ ಯಾರೂ ಇಲ್ಲದ ಹುಲ್ಲಿನಲ್ಲಿ ಓಡುತ್ತಿದ್ದ ನ್ಯೂಮಾರ್ಕೆಟ್ ಹುಡುಗನ ಕೈಗೆ ಇಳಿಯಿತು. ಅವನು ನಡೆದುಕೊಂಡು ಹೋದ ಹಾಗೆ ಹೋಗಿ, ಅಂಕ ತರುವ ಗೆರೆ ದಾಟಿದ.

ರೇವಣನಿಗೆ ಬಾಯಲ್ಲಿ ಬೆಲ್ಲ ಇಟ್ಟಂತಾಯಿತು. ಇನ್ನೂ ಬೇಕೆನ್ನಿಸಿತು.

ಮತ್ತೆ ಅದೇ ಕಡೆಗೆ ಎಸೆದ. ರೇವಣ ತಟ್ಟಿದಾಗ ಚೆಂಡು ಬರುವುದೋ ಇಲ್ಲವೋ ತಿಳಿಯದೆ ಸುಮುಖ್ ಸಲ ಸಲವೂ ನಡುವೆ ಸಿಕ್ಕಿಕೊಂಡ. ಮುಂದೆ ಬಂದರೆ ಹಿಂದೆ ಬಿತ್ತು, ಹಿಂದೆ ನಿಂತರೆ ಮುಂದೆ ಬಿತ್ತು. ನ್ಯೂಮಾರ್ಕೆಟ್ ಎರಡನೆಯ ಸಲ ಗೆರೆ ದಾಟಿತು. ಆಮೇಲೆ ಸುಮುಖ್ ಬುದ್ಧಿ ಉಪಯೋಗಿಸಿ ಬಹಳ ಹಿಂದೆ ಸರಿದು ನಿಂತ. ಅದು ಸರಿಯಾದ ಜಾಗ, ರೇವಣನಿಗೂ ಗೊತ್ತಿತ್ತು. ಅಷ್ಟರಲ್ಲಿ ಡೊನೆಲಿ ಹೊರಗಿನಿಂದ ಅರಚಿದ: "ಮುಂದೆ ಬಾ. ಇನ್ನೂ ಮುಂದೆ. ಅವನಿಗೆ ದೂರ ಎಸೆಯೋ ದಮ್ಮಿಲ್ಲ." ಸುಮುಖ್ ಹಿಂದಕ್ಕೆ ಕೈತೋರಿಸಿ ಏನೋ ಹೇಳಿದ. "ನಾನು ಹೇಳಿದ ಕಡೆ ನಿಲ್ಲು," ಅಂದ ಡೊನೆಲಿ. ಸುಮುಖ್ ಮುಂದೆ ಬಂದ.

ರೇವಣ ದೂರ ಎಸೆದ. ಸುಮುಖ್ ತಿರುಗಿ ಓಡುವಾಗ ಕಾಲಿಗೆ ಕಾಲು ತೊಡರಿ ಮಕಾಡೆ ಬಿದ್ದ.

ಡೊನೆಲಿ ಅವನನ್ನು ಹೊರಗೆ ಕರೆದು ಹೆಲ್ಮೆಟ್ಟಿನ ಸರಳು ಹಿಡಿದು ಅಲ್ಲಾಡಿಸಿದ. ಆ ಬೆಂಚಿನ ಪಕ್ಕದಿಂದಲೇ ರೇವಣ ಹಾದುಹೋಗುತ್ತಿದ್ದ. "ಹಿಂದೆ ನಿಲ್ಲು ಅಂತ ಹೇಳಿರಲಿಲ್ಲವಾ ನಿನಗೆ?" ಅನ್ನುತ್ತಿದ್ದ ಡೊನೆಲಿ, ಮೆಟ್ಟಿಲ ಮೇಲಿನ ಜನಕ್ಕೂ ಕೇಳುವಂತೆ. ಸುಮುಖನ ಬದಲು ಇಳಿಯುವವರಿರಲಿಲ್ಲ. ಮತ್ತೆ ಅವನನ್ನೇ ಒಳಗೆ ತಳ್ಳಿದರು.

ಕೊನೆಯ ನಿಮಿಷ. ನ್ಯೂಮಾರ್ಕೆಟ್ ಆಗಲೇ ಗೆದ್ದಾಗಿತ್ತು. ಚೆಂಡು ಹಿಡಿದು ಮಂಡಿಯೂರು, ಆಟ ಮುಗಿಸು ಎಂದು ಗಿಟ್ಟೆನ್ಸ್ ಸನ್ನೆ ಮಾಡಿದರು. ರೇವಣ ನೋಡಿದ. ನೋಡಿಯೂ ಹಿಂದೆ ಸರಿದು, ಎಡಗಡೆಗೆ, ಸುಸ್ತಾಗಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದವನ ತಲೆಯ ಮೇಲಿಂದ ಇನ್ನೊಮ್ಮೆ ಎಸೆದ. ಸುಮುಖ್ ಹಾರಿದ, ಎಟುಕಲಿಲ್ಲ, ಬೆನ್ನ ಮೇಲೆ ಬಿದ್ದ. ಮೆಟ್ಟಿಲ ಮೇಲೆ ಪದ್ಮಾ ಎದ್ದು ನಿಂತದ್ದು ಕಂಡಿತು.

ರೇವಣ ನಡೆದು ಹೋಗಿ ಅವನ ತಲೆದೆಸೆಯಲ್ಲಿ ನಿಂತ. ಇಡೀ ಮೈದಾನದಲ್ಲಿ ಅವರಿಬ್ಬರಿಗೇ ತಿಳಿಯುವ ಭಾಷೆಯಲ್ಲಿ, ಮೆಲ್ಲಗೆ ಹೇಳಿದ:

"ಕೋಚ್ ಕೇಳಿದ್ರ, ರನ್ ಇತ್ತು ಅಂತ ಹೇಳು."

ಸುಮುಖ್ ಕಣ್ಣು ಮುಚ್ಚಿಕೊಂಡ.

ಹೊರಗೆ ಬಂದಾಗ ಗಿಟ್ಟೆನ್ಸ್ ರೇವಣನ ಹೆಲ್ಮೆಟ್ಟು ಕಸಿದುಕೊಂಡರು. "ಮೊದಲಿನವು ಆಟ. ಕೊನೆಯದು ಆಟವಲ್ಲ. ಫೈನಲ್ಲಿನಲ್ಲಿ ನೀನು ಮೊದಲರ್ಧ ಬೆಂಚಿನ ಮೇಲೆ ಕೂರುತ್ತೀಯ."

"ಆಗಲಿ ಸರ್," ಅಂದ ರೇವಣ. ಪಶ್ಚಾತ್ತಾಪದ ಮುಖ ಮಾಡಲೂ ಅವನಿಗೆ ಆಗಲಿಲ್ಲ.

ಊರಿನ ವಾರಪತ್ರಿಕೆಯ ವರದಿಗಾರ್ತಿ ಗೇಟಿನ ಬಳಿ ಡೊನೆಲಿಯನ್ನು ಮಾತಾಡಿಸುತ್ತಿದ್ದಳು. "ಒಬ್ಬ ಹುಡುಗ ಹೇಳಿದ ಮಾತು ಕೇಳದಿದ್ದರೆ ಇಡೀ ತಂಡ ಮುಳುಗುತ್ತದೆ," ಎಂದು ಡೊನೆಲಿ ವ್ಯಥೆಯಿಂದ ಹೇಳುತ್ತಿದ್ದ. "ಹೋದ ವರ್ಷವೂ ಹಾಗೇ ಆಗಿತ್ತು." ಸ್ವಲ್ಪ ದೂರದಲ್ಲಿ ಸುಮುಖ್ ಚೀಲ ಹೆಗಲಿಗೇರಿಸಿ ಬಸ್ಸಿಲ್ಲದ ಬಸ್‌ಸ್ಟಾಪಿನಲ್ಲಿ ಕಾಯುವವನ ಹಾಗೆ ನಿಂತಿದ್ದ.

ಆಮೇಲೆ ಅವಳು ರೇವಣನ ಕಡೆ ಬಂದಳು. ಅವನು ಸುಮ್ಮನಿದ್ದಿದ್ದರೆ ಸಾಕಿತ್ತು. ವರ್ಷದ ಹಿಂದೆ ತಾನು ನುಂಗಿದ ವಿಷವನ್ನು ಈಗ ಸುಮುಖ್ ನುಂಗುತ್ತಿದ್ದ, ಅದೇ ಬಟ್ಟಲಿನಿಂದ. ರೇವಣ ಅದನ್ನು ಒಂದು ಕ್ಷಣ ಆಸೆಯಿಂದ ನೋಡಿದ. ಆದರೆ ಸುಮುಖನಿಗೆ ಬೀಳಬೇಕಾದದ್ದು ಬಿದ್ದಾಗಿತ್ತು, ತನ್ನ ಕೈಯಿಂದಲೇ. ಡೊನೆಲಿಗೆ ಇನ್ನೂ ಏನೂ ಬಿದ್ದಿರಲಿಲ್ಲ. ಅವನು ಇವತ್ತೂ ಸೋಲನ್ನು ಬೇರೆಯವರ ತಲೆಗೆ ಕಟ್ಟಿ ಮನೆಗೆ ಹೋಗುವವನಿದ್ದ.

"ಆ ಹುಡುಗ ಹಿಂದೆ ನಿಂತಿದ್ದ," ಅಂದ ರೇವಣ. "ಕೋಚ್ ಅವನನ್ನು ಮುಂದಕ್ಕೆ ಕರೆದರು. ನಾನು ಕೇಳಿದ್ದೇನೆ, ನಮ್ಮ ತಂಡ ಪೂರ್ತಿ ಕೇಳಿದೆ. ಹೋದ ವರ್ಷ ಆ ಪಾಸ್ ಎಸೆದವನು ನಾನು. ಅದನ್ನೂ ಎಸೆಯಲು ಹೇಳಿದವರು ಅವರೇ. ಆಮೇಲೆ ಇಲ್ಲ ಅಂದರು. ನನ್ನ ಹೆಸರು ಹಾಕಿ. ಸ್ಪೆಲ್ಲಿಂಗ್ ಹೇಳುತ್ತೇನೆ."

ಅವಳು ಹಾಕಿದಳು. ಪತ್ರಿಕೆ ಬಂದ ದಿನವೇ ಉಮಾಶಂಕರ ಫೋನ್ ಮಾಡಿದರು.

"ಏನ್ರೀ ಬಸವಂತಪ್ನೋರೇ, ನಿಮ್ಮ ಹುಡುಗ ಪೇಪರ್‌ನಲ್ಲೆಲ್ಲ ಹೀಗೆ ಮಾತಾಡೋದಾ? ಸ್ಕೂಲಲ್ಲಿ ಎನ್‌ಕ್ವೈರಿ ಅಂತಿದಾರೆ. ನಮ್ಮವನನ್ನ ಪ್ರಿನ್ಸಿಪಾಲ್ ಕರೆಸಿದಾರೆ. ಮುಂದಿನ ವರ್ಷ ಯೂನಿವರ್ಸಿಟಿಗೆ ಅಪ್ಲೈ ಮಾಡ್ಬೇಕು."

ಬಸವಂತಪ್ಪನಿಗೆ ಆಟ ಇವತ್ತಿಗೂ ಅರ್ಥವಾಗಿರಲಿಲ್ಲ. ಆದರೆ ಮಗ ಒಂದು ಚಳಿಗಾಲವಿಡೀ ಹೇಗೆ ಬಾಡಿದ್ದ ಎಂಬುದು ಅರ್ಥವಾಗಿತ್ತು. "ಸಾಹೇಬ್ರ," ಅಂದ ಶಾಂತವಾಗಿ, "ನನ್ನ ಮಗ ನಿಮ್ಮ ಮಗಂದು ತಪ್ಪಿಲ್ಲಂತ ಹೇಳ್ಯಾನ. ಹೋದ ವರ್ಷ ನಿಮ್ಮ ಮಗ ನನ್ನ ಮಗನ ಬಗ್ಗೆ ಏನ್ ಹೇಳಿದ್ದ, ಅವನ್ನ ಎದುರಿಗೆ ಕುಂದ್ರಿಸಿಕೊಂಡು ಕೇಳ್ರಿ. ಕೇಳಿದ ಮ್ಯಾಲ ಫೋನ್ ಮಾಡ್ರಿ."

ಮತ್ತೆ ಅವರ ಫೋನ್ ಬರಲಿಲ್ಲ. ಬಂದದ್ದು ಸುದ್ದಿ. ಸುಮುಖ್ ಪ್ರಿನ್ಸಿಪಾಲರ ಮುಂದೆ ಎರಡೂ ವರ್ಷದ್ದನ್ನು ಹೇಳಿದನಂತೆ, ಡೊನೆಲಿ ಪಾಸ್ ಎಂದು ತನ್ನ ಕೈಲಿ ಹೇಳಿ ಕಳಿಸಿದ್ದನ್ನೂ, ಆಮೇಲೆ ತಾನು ರನ್ ಎಂದದ್ದನ್ನೂ. ಅವನು ಬಾಯಿ ಬಿಟ್ಟ ಮೇಲೆ ಇನ್ನಿಬ್ಬರು ಹಳೆಯ ಹುಡುಗರೂ ತಮ್ಮ ತಮ್ಮ ಕಥೆ ತಂದರಂತೆ. ಡೊನೆಲಿಯನ್ನು ತಂಡದಿಂದ ಬಿಡಿಸಿದರು. ಶಾಲೆಯಲ್ಲಿ ಅವನು ಜಿಮ್ ಪಾಠ ಮಾಡಿಕೊಂಡು ಉಳಿದ. ಮೈದಾನದ ಸೀಟಿ ಬೇರೆಯವರ ಕೊರಳಿಗೆ ಹೋಯಿತು. ಸುದ್ದಿ ಕೇಳಿದ ದಿನ ರೇವಣ ಎರಡು ರೊಟ್ಟಿ ಹೆಚ್ಚು ತಿಂದ.

ಫೈನಲ್ಲಿನಲ್ಲಿ ಗಿಟ್ಟೆನ್ಸ್ ಮಾತು ತಪ್ಪಲಿಲ್ಲ. ಮೊದಲರ್ಧ ಬೆಂಚು. ದ್ವಿತೀಯಾರ್ಧದಲ್ಲಿ ಇಳಿದಾಗ ರೇವಣನಿಗೆ ವಿಚಿತ್ರವೆನಿಸಿತು. ಎದುರಿಗೆ ಅಪರಿಚಿತ ಹುಡುಗರು, ಯಾರ ಮೇಲೂ ಹಗೆಯಿಲ್ಲ. ಮೊದಲ ಒಂದೆರಡು ಎಸೆತ ಸಪ್ಪೆಯಾಗಿ ನೆಲಕ್ಕೆ ಬಿದ್ದವು. ಆಮೇಲೆ, ಬೇರೇನೂ ನೋಡಲು ಇಲ್ಲದ್ದರಿಂದ, ಚೆಂಡು ಹಿಡಿಯಬೇಕಾದ ತನ್ನವರನ್ನೇ ನೋಡತೊಡಗಿದ. ಯಾರ ಹೆಜ್ಜೆ ಎಷ್ಟು ಉದ್ದ, ಯಾರು ಬಲಗೈ ಕಡೆ ಬಂದರೆ ಚೆನ್ನಾಗಿ ಹಿಡಿಯುತ್ತಾನೆ, ಇವನ್ನೆಲ್ಲ ಇಷ್ಟು ದಿನ ತಾನು ಗಮನಿಸಿರಲೇ ಇಲ್ಲವಲ್ಲ ಅನ್ನಿಸಿತು. ಎಸೆತಗಳು ಒಂದಾದ ಮೇಲೊಂದು ಕೈ ಸೇರಿದವು. ಸ್ವಲ್ಪದರಲ್ಲಿ ಸೋತರು. "ಇವತ್ತು ನೀನು ಪಾಸ್ ಮಾಡಿದೆ," ಎಂದು ಗಿಟ್ಟೆನ್ಸ್ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತರು. "ಮುಂದಿನ ವರ್ಷ ಯೂನಿವರ್ಸಿಟಿಯವರನ್ನು ಕರೆಸುತ್ತೇನೆ."

ಡಿಸೆಂಬರಿನ ಒಂದು ಭಾನುವಾರ ಸುಮುಖನ ಫೋನ್ ಬಂತು. ಶಾರದವ್ವ ಒಲೆಯ ಮುಂದಿದ್ದಳು. ರೇವಣ ಗೋಡೆಗೊರಗಿ ನಿಂತು ಕೇಳಿಸಿಕೊಂಡ.

"ಐ ಆ್ಯಮ್ ಸಾರಿ," ಅಂದ ಸುಮುಖ್. ಆಮೇಲೆ ತಡವರಿಸುತ್ತ ಕನ್ನಡಕ್ಕೆ ತಿರುಗಿದ. ಅವನು ಕನ್ನಡದಲ್ಲಿ ಇಷ್ಟುದ್ದ ಮಾತಾಡಿದ್ದನ್ನು ರೇವಣ ಕೇಳಿರಲಿಲ್ಲ. "ಕೋಚ್ ನನ್ನ ನೋಡಿದ್ರು, ರೇವಣ. ನಾನು ಪಾಸ್ ಅಂದ್ರೆ, ನಾನೇ ತಪ್ಪು ಮೆಸೇಜ್ ತಂದೆ ಅಂತ ಹೇಳ್ತಿದ್ರು. ಐದರ್ ಯೂ ಆರ್ ಮಿ. ಅದಕ್ಕೇ... ಜಾಗಕ್ಕಲ್ಲ. ಪ್ರಾಮಿಸ್, ಜಾಗಕ್ಕಲ್ಲ."

ಡೊನೆಲಿಯ ಆ ನೋಟ ರೇವಣನಿಗೂ ಗೊತ್ತಿತ್ತು. ಅವತ್ತು ಡ್ರೆಸ್ಸಿಂಗ್ ರೂಮಿನಲ್ಲಿ ಸುಮುಖನ ಜಾಗದಲ್ಲಿ ತಾನಿದ್ದರೆ ಏನು ಹೇಳುತ್ತಿದ್ದೆನೋ ಎಂಬುದೂ ಒಂದು ಸಲ ಮನಸ್ಸಿನಲ್ಲಿ ಹಾದುಹೋಯಿತು.

"ತಿಳೀತು," ಅಂದ.

"ಸೋ... ವಿ ಆರ್ ಗುಡ್?"

"ಇಲ್ಲ," ಅಂದು ರೇವಣ ಫೋನ್ ಇಟ್ಟ.

ಶಾರದವ್ವ ತಿರುಗಿ ನೋಡದೆಯೇ ಕೇಳಿದಳು. "ಯಾರದು, ಸುಮುಖೇನು?"

"ಹೂಂ. ತಪ್ಪಾತಂತ ಅಂದ."

"ನೀ ಏನಂದಿ?"

"ತಿಳೀತು ಅಂದೆ. ಅಷ್ಟ."

"ಇನ್ನೂ ಸಿಟ್ಟು ಐತೇನು?"

ರೇವಣ ಎದೆಯೊಳಗೆ ಹುಡುಕಿ ನೋಡಿಕೊಂಡ. ಮೊದಲಿನಷ್ಟು ಇರಲಿಲ್ಲ. ಇಲ್ಲವೇ ಇಲ್ಲ ಎನ್ನುವ ಹಾಗೂ ಇರಲಿಲ್ಲ. "ಐತಿ," ಅಂದ. "ಸ್ವಲ್ಪ."

ಅವ್ವ ಬಿಸಿ ರೊಟ್ಟಿಯೊಂದನ್ನು ಅವನ ತಾಟಿಗೆ ಹಾಕಿ, ದೀಪಶ್ರೀಯನ್ನು ಊಟಕ್ಕೆ ಕೂಗಿದಳು.